ಥರ್ಮೋಸ್ಟಾಟ್ ತೆಗೆದುಹಾಕಿದರೆ ಹಳೆಯ ಕಾರು ಬಿಸಿಯಾಗುವುದಿಲ್ಲವೇ? ಬೆಟ್ಟ ಹತ್ತುವ ಮುನ್ನ ತಿಳಿದಿರಲಿ

ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ವಾಹನಗಳ ಸಾಲು ಬೆಳೆಯುತ್ತದೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗೂ ಅಷ್ಟೇ. ಆ ಸಾಲಿನಲ್ಲಿ ಹದಿನೈದು ಇಪ್ಪತ್ತು ವರ್ಷ ಹಳೆಯ ಮಾರುತಿ 800, ಆಮ್ನಿ, ಅಲ್ಲೊಂದು ಇಲ್ಲೊಂದು ಅಂಬಾಸಿಡರ್ ಇನ್ನೂ ಕಾಣುತ್ತವೆ. ತಿರುವಿನ ಪಕ್ಕದಲ್ಲಿ ಬಾನೆಟ್ ಎತ್ತಿ, ಹಬೆಯಾಡುತ್ತಾ ನಿಂತ ಕಾರುಗಳೂ ಕಾಣುತ್ತವೆ.

ವಾಟ್ಸಾಪ್ ಗ್ರೂಪುಗಳಲ್ಲಿ ಇದಕ್ಕೆ ಸಿದ್ಧ ಪರಿಹಾರಗಳಿವೆ. ಥರ್ಮೋಸ್ಟಾಟ್ ಚಳಿ ದೇಶದವರಿಗೆ ಬೇಕು, ನಮ್ಮ ಸೆಕೆಗೆ ಬೇಡ, ಕಿತ್ತು ಹಾಕಿಸಿ ಎನ್ನುವುದು ಒಂದು. ಫ್ಯಾನಿಗೆ ಡೈರೆಕ್ಟ್ ವೈರ್ ಕೊಡಿಸಿ ಎನ್ನುವುದು ಇನ್ನೊಂದು. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕಿ, ಘಾಟ್ ಹತ್ತುವಾಗ ಕ್ಯಾಪ್ ಸ್ವಲ್ಪ ಸಡಿಲ ಬಿಡಿ, ಇಳಿಯುವಾಗ ಎಂಜಿನ್ ಆಫ್ ಮಾಡಿ ತಣ್ಣಗಾಗಲು ಬಿಡಿ ಎಂಬ ಸಲಹೆಗಳೂ ಸುತ್ತುತ್ತಿರುತ್ತವೆ. ಇವುಗಳಲ್ಲಿ ಒಂದೆರಡಕ್ಕೆ ಅರ್ಧ ಸತ್ಯದ ಆಧಾರವಿದೆ. ಒಂದೆರಡು ಕೈ ಮುಖ ಸುಡುವಷ್ಟು, ಪ್ರಾಣಕ್ಕೇ ಕುತ್ತು ತರುವಷ್ಟು ಅಪಾಯಕಾರಿ.

ಈಗಾಗಲೇ ಇಂಥ ರಿಪೇರಿ ಮಾಡಿಸಿಕೊಂಡ ಕಾರು ನಿಮ್ಮ ಮನೆಯಲ್ಲಿದ್ದರೆ ಅದನ್ನು ಸರಿದಾರಿಗೆ ತರುವುದು ಹೇಗೆ ಎಂಬುದನ್ನೂ ಇಲ್ಲಿ ನೋಡೋಣ.

ಎಂಜಿನ್ ಬಿಸಿಯಾಗುವುದು ಯಾಕೆ?

ಪೆಟ್ರೋಲ್ ಉರಿದಾಗ ಬರುವ ಶಕ್ತಿಯೆಲ್ಲ ಚಕ್ರಕ್ಕೆ ಹೋಗುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಕಾರನ್ನು ಓಡಿಸುತ್ತದೆ, ಒಂದು ಭಾಗ ಸೈಲೆನ್ಸರ್ ಮೂಲಕ ಬಿಸಿ ಹೊಗೆಯಾಗಿ ಹೋಗುತ್ತದೆ, ಇನ್ನೊಂದು ಭಾಗ ಎಂಜಿನ್ನಿನ ಗೋಡೆಗಳನ್ನು ಕಾಯಿಸುತ್ತದೆ. ಈ ಕೊನೆಯ ಭಾಗವನ್ನು ಹೊರಗೆ ಸಾಗಿಸುವುದೇ ಕೂಲಿಂಗ್ ವ್ಯವಸ್ಥೆಯ ಕೆಲಸ.

ಬೆಟ್ಟದ ಲೆಕ್ಕ ನೋಡಿ. ಒಂದು ಚಿಕ್ಕ ಕಾರು, ಅದರೊಳಗೆ ನಾಲ್ಕು ಜನ, ಸಾಮಾನು, ಎಲ್ಲ ಸೇರಿ 900 ಕಿಲೋ ಎಂದುಕೊಳ್ಳಿ. ಅದನ್ನು 600 ಮೀಟರ್ ಮೇಲಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 53 ಲಕ್ಷ ಜೌಲ್. ಚಕ್ರಕ್ಕೆ ಹೋದಷ್ಟೇ ಶಾಖ ಎಂಜಿನ್ ನೀರಿಗೂ ಸೇರುತ್ತದೆ ಎಂದಿಟ್ಟುಕೊಂಡರೆ, ಘಾಟ್ ಮುಗಿಯುವಷ್ಟರಲ್ಲಿ ಇನ್ನೊಂದು 50 ಲಕ್ಷ ಜೌಲ್‌ಗೂ ಹೆಚ್ಚು ಶಾಖವನ್ನು ರೇಡಿಯೇಟರ್ ಗಾಳಿಗೆ ಬಿಡಬೇಕು. ಅದು 2 ಲೀಟರ್ ತಣ್ಣೀರನ್ನು ಕುದಿಸಿ ಪೂರ್ತಿ ಆವಿ ಮಾಡಲು ಸಾಕಾಗುವಷ್ಟು ಶಾಖ. ಚಿಕ್ಕ ಕಾರಿನ ಕೂಲಿಂಗ್ ವ್ಯವಸ್ಥೆಯಲ್ಲಿ ಇರುವುದೇ ಮೂರ್ನಾಲ್ಕು ಲೀಟರ್.

ಸಮತಟ್ಟು ರಸ್ತೆಯಲ್ಲಿ 60 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಘಾಟ್‌ನಲ್ಲಿ ಫಸ್ಟ್, ಸೆಕೆಂಡ್ ಗೇರಿನಲ್ಲಿ ತೆವಳುವಾಗ ಶಾಖ ಹೆಚ್ಚು, ಗಾಳಿ ಕಡಿಮೆ. ಮುಂದೆ ಬಸ್ಸು, ಹಿಂದೆ ಸಾಲು ಸಿಕ್ಕರೆ ಇನ್ನೂ ಕಷ್ಟ. ಊರೊಳಗೆ ಚೆನ್ನಾಗಿಯೇ ಓಡುತ್ತಿದ್ದ ಕಾರು ತಾಳಬೆಟ್ಟ ದಾಟಿದ ಮೇಲೆ ಕುದಿಯುವುದು ಇದೇ ಕಾರಣಕ್ಕೆ. ಕೆಟ್ಟ ರಿಪೇರಿಯ ದೋಷ ಸಂತೆ ಬೀದಿಯಲ್ಲಿ ಬಯಲಾಗುವುದಿಲ್ಲ, ಬೆಟ್ಟದ ಮೇಲೆ ಬಯಲಾಗುತ್ತದೆ.

ಎತ್ತರದಲ್ಲಿ ನೀರು ಬೇಗ ಕುದಿಯುತ್ತದಲ್ಲ, ಅದೇ ಕಾರಣ ಎನ್ನುವವರೂ ಇದ್ದಾರೆ. ವಿಷಯ ನಿಜ, ಪ್ರಮಾಣ ಸಣ್ಣದು. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ದೇವಸ್ಥಾನ ಇರುವುದು ಸುಮಾರು 5,000 ಅಡಿ ಎತ್ತರದಲ್ಲಿ. ಕೆಳಗಿನ ಬಯಲಿಗೂ ಅಲ್ಲಿಗೂ ಮೂರು ಡಿಗ್ರಿಯಷ್ಟು ವ್ಯತ್ಯಾಸ. ಕ್ಯಾಪ್ ಸರಿಯಾಗಿದ್ದರೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಸಲಹೆ 1: ಥರ್ಮೋಸ್ಟಾಟ್ ನಮ್ಮ ಹವೆಗೆ ಬೇಡ

ತಪ್ಪು. ಥರ್ಮೋಸ್ಟಾಟ್ ಎಂದರೆ ಎಂಜಿನ್ ಮತ್ತು ರೇಡಿಯೇಟರ್ ನಡುವಿನ ಪುಟ್ಟ ಬಾಗಿಲು. ಅದರ ಹೊಟ್ಟೆಯಲ್ಲಿ ಮೇಣ ಇರುತ್ತದೆ. ನೀರು ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ, ಬಿಸಿ ನೀರು ರೇಡಿಯೇಟರಿಗೆ ಹೋಗುತ್ತದೆ. ಅಷ್ಟು ಬಿಸಿಯಾಗುವವರೆಗೆ ನೀರು ಎಂಜಿನ್ ಒಳಗೇ ಸುತ್ತುತ್ತದೆ. ಹೊರಗೆ 38 ಡಿಗ್ರಿ ಸೆಕೆ ಇದ್ದರೂ ಎಂಜಿನ್ನಿಗೆ ಅದು ತಂಪೇ. ಅದು ಕೆಲಸ ಮಾಡಬೇಕಾದದ್ದು 90 ಡಿಗ್ರಿ ಆಸುಪಾಸಿನಲ್ಲಿ.

ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಬೇಕಾದ ಬಿಸಿಗೆ ಬರಲು ತಡವಾಗುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್‌ನಲ್ಲಿ ಸೇರುವ ನೀರಿನ ಅಂಶ ಆವಿಯಾಗದೆ ಕೆಸರು ಕಟ್ಟುತ್ತದೆ, ಸವೆತ ಹೆಚ್ಚುತ್ತದೆ. ಇದೆಲ್ಲ ನಿಧಾನಕ್ಕೆ ಆಗುವ ನಷ್ಟ.

ಬೆಟ್ಟದ ಮೇಲೆ ಆಗುವ ನಷ್ಟ ಬೇರೆ. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತದೆ. ರೇಡಿಯೇಟರ್ ದಾರಿ ತೆರೆಯುತ್ತಲೇ, ಎಂಜಿನ್ ಒಳಗೇ ಸುತ್ತುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತು ಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಒಂದಷ್ಟು ಬಿಸಿ ನೀರು ರೇಡಿಯೇಟರಿನ ಮುಖವನ್ನೇ ನೋಡದೆ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಮಿತಿಮೀರಿ ತಣ್ಣಗಿರುವ ಕಾರು ಘಾಟ್‌ನಲ್ಲಿ ಕುದಿಯುವ ವಿಚಿತ್ರಕ್ಕೆ ಇದೇ ಕಾರಣ.

ಇಲ್ಲಿ ಇನ್ನೊಂದು ತಪ್ಪು ವಿವರಣೆಯೂ ಚಾಲ್ತಿಯಲ್ಲಿದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಬಹಳ ವೇಗವಾಗಿ ಹರಿದು, ರೇಡಿಯೇಟರಿನಲ್ಲಿ ತಣ್ಣಗಾಗಲು ಸಮಯವೇ ಸಿಗುವುದಿಲ್ಲವಂತೆ. ಇದು ಸರಿಯಲ್ಲ. ನೀರು ವೇಗವಾಗಿ ಹರಿದಷ್ಟೂ ಶಾಖ ವರ್ಗಾವಣೆ ಸಾಮಾನ್ಯವಾಗಿ ಹೆಚ್ಚುತ್ತದೆ. ಪ್ರತಿ ಸುತ್ತಿಗೆ ಸಿಗುವ ಸಮಯ ಕಡಿಮೆಯಾದರೂ ಸುತ್ತುಗಳ ಸಂಖ್ಯೆ ಹೆಚ್ಚುತ್ತದಲ್ಲ. ದೋಷ ಇರುವುದು ವೇಗದಲ್ಲಿ ಅಲ್ಲ, ದಾರಿ ತಪ್ಪಿದ ನೀರಿನಲ್ಲಿ.

ಹಾಗಾದರೆ ಮೆಕ್ಯಾನಿಕ್‌ಗಳು ಯಾಕೆ ತೆಗೆಯುತ್ತಾರೆ? ಅದಕ್ಕೂ ಕಾರಣವಿದೆ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಕಾರು ಹತ್ತೇ ನಿಮಿಷದಲ್ಲಿ ಕುದಿಯುತ್ತದೆ. ಹೊಸದು ಅಂಗಡಿಯಲ್ಲಿ ಇರುವುದಿಲ್ಲ, ಗಿರಾಕಿ ಮನೆಗೆ ಹೋಗಬೇಕು. ಆಗ ಕೆಟ್ಟದ್ದನ್ನು ತೆಗೆದು ಕಳಿಸುವುದು ಆ ದಿನದ ಮಟ್ಟಿಗೆ ಸರಿಯಾದ ಉಪಾಯವೇ. ಮರುವಾರ ಹೊಸದನ್ನು ಹಾಕಿಸದೆ, ಆ ಉಪಾಯವನ್ನೇ ಶಾಶ್ವತ ಮಾಡಿಕೊಳ್ಳುವುದು ತಪ್ಪು.

ಸಲಹೆ 2: ಫ್ಯಾನಿಗೆ ಡೈರೆಕ್ಟ್ ಕನೆಕ್ಷನ್ ಕೊಡಿಸಿ

ತಾತ್ಕಾಲಿಕವಾಗಿ ನಡೆಯುತ್ತದೆ, ಪರಿಹಾರವಲ್ಲ. ಅಂಬಾಸಿಡರ್‌ನಂಥ ಹಳೆಯ ಕಾರುಗಳಲ್ಲಿ ಎಂಜಿನ್ನೇ ಬೆಲ್ಟ್ ಮೂಲಕ ಫ್ಯಾನ್ ತಿರುಗಿಸುತ್ತದೆ. ಮಾರುತಿ 800ರಂಥವುಗಳಲ್ಲಿ ಇರುವುದು ಕರೆಂಟ್ ಫ್ಯಾನ್. ನೀರು ನಿಗದಿತ ಬಿಸಿ ದಾಟಿದಾಗ ಒಂದು ಸ್ವಿಚ್ ಅದನ್ನು ತಾನಾಗಿಯೇ ಓಡಿಸುತ್ತದೆ. ಆ ಸ್ವಿಚ್ ಅಥವಾ ರಿಲೇ ಕೆಟ್ಟಾಗ ಡೈರೆಕ್ಟ್ ವೈರ್ ಎಳೆಯುತ್ತಾರೆ. ಕೆಲವರು ಡ್ಯಾಶ್‌ಬೋರ್ಡಿಗೆ ಮನೆಯ ಲೈಟಿನ ಸ್ವಿಚ್ಚನ್ನೇ ಹಾಕಿಕೊಡುತ್ತಾರೆ. ಆಗ ಎಂಜಿನ್ನಿನ ಆಯುಷ್ಯ ಚಾಲಕನ ನೆನಪಿನ ಮೇಲೆ ನಿಲ್ಲುತ್ತದೆ. ಫ್ಯೂಸ್ ಇಲ್ಲದ ತೆಳು ವೈರ್ ಬಿಸಿಯಾಗಿ ಕರಗಿದರೆ ಬೆಂಕಿಯ ಅಪಾಯವೂ ಇದೆ.

ಇನ್ನೊಂದು ಗುಪ್ತ ದೋಷವಿದೆ. ವೈರ್ ಜೋಡಿಸುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಫ್ಯಾನ್ ಹಿಮ್ಮುಖ ತಿರುಗುತ್ತದೆ. ಶಬ್ದ ಬರುತ್ತದೆ, ರೆಕ್ಕೆ ತಿರುಗುತ್ತದೆ, ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಗಾಳಿ ಮಾತ್ರ ಮುಂದಿನಿಂದ ಒಳಗೆ ಬರುವ ಬದಲು ಒಳಗಿನಿಂದ ಮುಂದಕ್ಕೆ ಹೋಗಿ ಎದುರುಗಾಳಿಯ ಜೊತೆ ಗುದ್ದಾಡುತ್ತದೆ. ಪರೀಕ್ಷೆ ಸುಲಭ. ಕಾರು ನಿಂತಿರುವಾಗ, ಫ್ಯಾನ್ ಓಡುತ್ತಿರುವಾಗ ಮುಂಭಾಗದ ಗ್ರಿಲ್ ಮೇಲೆ ಒಂದು ನೋಟ್‌ಬುಕ್ ಹಾಳೆ ಹಿಡಿಯಿರಿ. ಹಾಳೆ ಒಳಕ್ಕೆ ಅಂಟಿಕೊಳ್ಳಬೇಕು. ಹೊರಗೆ ಹಾರಿದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ.

ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಹೊದಿಕೆ ಇದೆಯೇ ಎಂದೂ ನೋಡಿ. ರಿಪೇರಿ ಮಾಡುವಾಗ ಅಡ್ಡ ಬರುತ್ತದೆಂದು ತೆಗೆದು ಮೂಲೆಗೆ ಎಸೆಯುವ ವಸ್ತು ಅದು. ಇಡೀ ರೇಡಿಯೇಟರಿನ ಮೂಲಕ ಗಾಳಿ ಎಳೆಯುವಂತೆ ಮಾಡುವುದು ಆ ಹೊದಿಕೆಯೇ.

ಸಲಹೆ 3: ಘಾಟ್‌ನಲ್ಲಿ ಕ್ಯಾಪ್ ಸಡಿಲ ಬಿಡಿ

ಅಪಾಯಕಾರಿ. ಅಡುಗೆ ಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಅದಕ್ಕಿಂತ ಮೇಲೆ ಹೋಗುತ್ತದೆ. ರೇಡಿಯೇಟರ್ ಕ್ಯಾಪ್ ಮಾಡುವುದೂ ಇದನ್ನೇ. 0.9 ಎಂದು ಬರೆದಿರುವ ಕ್ಯಾಪ್ ವಾತಾವರಣದ ಒತ್ತಡಕ್ಕಿಂತ 0.9 ಬಾರ್ ಹೆಚ್ಚು ಒತ್ತಡವನ್ನು ಹಿಡಿದಿಡುತ್ತದೆ. ಅಷ್ಟು ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಕ್ಯಾಪ್ ಸಡಿಲ ಬಿಟ್ಟರೆ ಈ 18 ಡಿಗ್ರಿಯ ರಕ್ಷಣೆಯನ್ನು ನಾವೇ ಬಿಸಾಡಿದಂತೆ.

ಬಿಸಿ ಇರುವಾಗ ಕ್ಯಾಪ್ ತೆಗೆಯುವುದಂತೂ ಕುಕ್ಕರ್ ಕೂಗುತ್ತಿರುವಾಗ ಮುಚ್ಚಳ ಎಳೆದಂತೆ. ಲೆಕ್ಕ ಹೀಗಿದೆ. 110 ಡಿಗ್ರಿಯಲ್ಲಿರುವ ಮೂರೂವರೆ ಲೀಟರ್ ನೀರಿನ ಒತ್ತಡ ಹಠಾತ್ತನೆ ಹೋದರೆ, ಅದರಲ್ಲಿ ಸುಮಾರು 65 ಗ್ರಾಂ ತಕ್ಷಣ ಆವಿಯಾಗುತ್ತದೆ. 65 ಗ್ರಾಂ ಎಂದರೆ ಅರ್ಧ ಲೋಟವೂ ಅಲ್ಲ. ಆವಿಯಾದಾಗ ಅದು 100 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಆ ಹಬೆ ಉಳಿದ ಕುದಿಯುವ ನೀರನ್ನೂ ಹೊತ್ತುಕೊಂಡು ಬಗ್ಗಿ ನೋಡುತ್ತಿರುವವರ ಮುಖಕ್ಕೇ ಬರುತ್ತದೆ. ಬಟ್ಟೆ ಸುತ್ತಿ ತೆಗೆದರೆ ಏನೂ ಆಗುವುದಿಲ್ಲ ಎನ್ನುವುದೂ ಸುಳ್ಳು ಧೈರ್ಯ. ನೆನೆದ ಬಟ್ಟೆ ಬಿಸಿಯನ್ನು ಕೈಗೇ ಅಂಟಿಸುತ್ತದೆ.

ಸಲಹೆ 4: ಸೋರಿದರೆ ಅರಿಶಿನ ಪುಡಿ ಅಥವಾ ಎಂ-ಸೀಲ್

ಅರ್ಧ ಸತ್ಯ. ಅರಿಶಿನದ ಕಣಗಳು ಸಣ್ಣ ತೂತಿನಲ್ಲಿ ಸಿಕ್ಕಿಕೊಂಡು ಸೋರಿಕೆ ತಡೆಯುವುದುಂಟು. ಲಾರಿ ಚಾಲಕರು ತುರ್ತಿನಲ್ಲಿ ಬಳಸುವ ಉಪಾಯ ಅದು. ಆದರೆ ಕಣಕ್ಕೆ ಸೋರುವ ತೂತು ಯಾವುದು, ರೇಡಿಯೇಟರಿನ ಸಣ್ಣ ಕೊಳವೆ ಯಾವುದು ಎಂಬ ಭೇದ ಗೊತ್ತಿಲ್ಲ. ಅದು ಎರಡನ್ನೂ ಮುಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ಪುಡಿ, ದ್ರವಗಳಿಗೂ ಈ ಮಾತು ಅನ್ವಯಿಸುತ್ತದೆ. ಮನೆ ತಲುಪಲು ಬಳಸಿದ್ದರೆ, ಮಾರನೇ ದಿನವೇ ಪೂರ್ತಿ ತೊಳೆಸಿ ಸೋರಿಕೆಯನ್ನು ಸರಿಪಡಿಸಿ.

ಹಳೆಯ ತಾಮ್ರ, ಹಿತ್ತಾಳೆ ರೇಡಿಯೇಟರುಗಳಿಗೆ ಬೆಸುಗೆ ಹಾಕಬಹುದು. ಅಲ್ಯೂಮಿನಿಯಂ ಜಾಲರಿ, ಪ್ಲಾಸ್ಟಿಕ್ ಟ್ಯಾಂಕ್ ಇರುವ ರೇಡಿಯೇಟರಿಗೆ ಹಾಗೆ ಬೆಸುಗೆ ನಿಲ್ಲುವುದಿಲ್ಲ. ಅದರ ಅಂಚಿಗೆ ಮೆತ್ತಿದ ಎಂ-ಸೀಲ್ ಬಿಸಿಗೆ ಹಿಗ್ಗಿ ತಣ್ಣಗಾಗಿ ಕುಗ್ಗಿ, ಒಂದು ದಿನ ಒತ್ತಡಕ್ಕೆ ಬಿರುಕು ಬಿಡುತ್ತದೆ. ಆ ಒಂದು ದಿನ ಹೆಚ್ಚಾಗಿ ಘಾಟ್ ಹತ್ತುವ ದಿನವೇ ಆಗಿರುತ್ತದೆ, ಏಕೆಂದರೆ ಒತ್ತಡ ಅತಿ ಹೆಚ್ಚಿರುವುದು ಆಗಲೇ.

ಸಲಹೆ 5: ಕೂಲೆಂಟ್ ದುಡ್ಡು ದಂಡ, ಬೋರ್‌ವೆಲ್ ನೀರು ಸಾಕು

ತಪ್ಪು. ಕೂಲೆಂಟ್ ಎಂದರೆ ಬಣ್ಣದ ನೀರಲ್ಲ. ಅದರಲ್ಲಿರುವ ಗ್ಲೈಕಾಲ್ ಕುದಿಯುವ ಬಿಂದುವನ್ನು ಏರಿಸುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಇದ್ದರೆ ಒತ್ತಡ ಇಲ್ಲದೆಯೂ ಸುಮಾರು 107 ಡಿಗ್ರಿವರೆಗೆ ಕುದಿಯದು. ಅದಕ್ಕಿಂತ ಮುಖ್ಯವಾದದ್ದು ತುಕ್ಕು ತಡೆಯುವ ರಾಸಾಯನಿಕಗಳು. ಶಾಖ ಹೊರುವ ಶಕ್ತಿಯಲ್ಲಿ ಬರೀ ನೀರೇ ಮುಂದು ಎಂಬುದು ನಿಜ. ಆದರೆ ತುಕ್ಕು ಮತ್ತು ಉಪ್ಪು ಕಟ್ಟಿದ ಎಂಜಿನ್ನಿನಲ್ಲಿ ಆ ಲಾಭ ಉಳಿಯುವುದಿಲ್ಲ.

ಬೋರ್‌ವೆಲ್ ನೀರಿಗೆ ಬಿಸಿಯಾದ ಪಾತ್ರೆಯ ತಳದಲ್ಲಿ, ಸೋಲಾರ್ ಹೀಟರಿನ ಕೊಳವೆಯಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ. ಸುಣ್ಣದ ಈ ಲವಣ ಅದಕ್ಕೆ ತದ್ವಿರುದ್ಧ, ನೀರು ಬಿಸಿಯಾದಷ್ಟೂ ಬೇರ್ಪಟ್ಟು ಅಂಟಿಕೊಳ್ಳುತ್ತದೆ. ಹಾಗಾಗಿ ಎಂಜಿನ್ನಿನಲ್ಲಿ ಅತಿ ಹೆಚ್ಚು ಬಿಸಿ ಇರುವ ಜಾಗದಲ್ಲೇ, ಅಂದರೆ ತಣಿಸುವುದು ಅತಿ ಅಗತ್ಯ ಇರುವ ಜಾಗದಲ್ಲೇ ಪದರ ದಪ್ಪವಾಗುತ್ತದೆ. ಆ ಪದರ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ.

ಪೆಟ್ರೋಲ್ ಬಂಕ್, ಬ್ಯಾಟರಿ ಅಂಗಡಿಗಳಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್‌ಗೆ ಕೂಲೆಂಟ್ ಬೆರೆಸಿ ಹಾಕುವುದು ಸರಿಯಾದ ಕ್ರಮ. ಮೊದಲೇ ಬೆರೆಸಿದ ಕೂಲೆಂಟ್ ಆದರೆ ನೀರು ಸೇರಿಸಬೇಡಿ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಆಯ್ಕೆ ಮಾಡಬೇಡಿ, ಬಣ್ಣಕ್ಕೆ ಒಂದೇ ನಿಯಮ ಇಲ್ಲ. ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಹಾಕಿ. ದಾರಿಯಲ್ಲಿ ನೀರು ಖಾಲಿಯಾದರೆ ಯಾವ ಕುಡಿಯುವ ನೀರಾದರೂ ಆದೀತು, ಊರಿಗೆ ಬಂದ ಮೇಲೆ ಬದಲಿಸಿ. ಉಪ್ಪು ತೆಗೆಯಲು ಹುಣಸೆ ರಸ, ವಿನೆಗರ್, ಟಾಯ್ಲೆಟ್ ಕ್ಲೀನರ್ ಹಾಕಬೇಡಿ. ಆಮ್ಲ ಉಪ್ಪಿನ ಜೊತೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ.

ಒಂದು ಎಚ್ಚರಿಕೆ. ಹೆಚ್ಚಿನ ಕೂಲೆಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷ. ಜ್ಯೂಸ್, ಸೋಡಾ ಬಾಟಲಿಗಳಲ್ಲಿ ತುಂಬಿ ಇಡಬೇಡಿ. ಹಳೆಯದನ್ನು ಅಂಗಳಕ್ಕೆ, ಚರಂಡಿಗೆ ಸುರಿಯಬೇಡಿ. ಮಕ್ಕಳು, ನಾಯಿ, ದನಕರು ಬಾಯಿ ಹಾಕಿದರೆ ಮೂತ್ರಪಿಂಡಕ್ಕೆ, ಜೀವಕ್ಕೆ ಅಪಾಯ. ಯಾರಾದರೂ ಕುಡಿದರೆ ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಲಹೆ 6: ಇಳಿಯುವಾಗ ಎಂಜಿನ್ ಆಫ್ ಮಾಡಿ

ಇದನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಎಂಜಿನ್ ಆಫ್ ಆದರೆ ನೀರು ಸುತ್ತಿಸುವ ಪಂಪ್ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಉರುಳಿದರೆ ಎಂಜಿನ್ ಬ್ರೇಕಿಂಗ್ ಇರುವುದಿಲ್ಲ. ಬ್ರೇಕ್ ಬೂಸ್ಟರ್ ಇರುವ ಕಾರುಗಳಲ್ಲಿ ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಕೀ ಪೂರ್ತಿ ತಿರುಗಿಸಿದರೆ ಸ್ಟೀರಿಂಗ್ ಲಾಕ್ ಆಗಬಹುದು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟ್‌ನಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅಂಥ ಕಡೆ ಹೀಗೆ ಇಳಿಯುವುದು ಎಂದರೆ ಏನೆಂದು ಯೋಚಿಸಿ. ಹತ್ತಿದ ಗೇರಿನಲ್ಲೇ ಇಳಿಯುವುದು ಹಳಬರ ಮಾತು, ಅದೇ ಸರಿ. ಗೇರಿನಲ್ಲಿ ಇಳಿಯುವಾಗ ಎಂಜಿನ್ ಇಂಧನ ಕಡಿಮೆ ಉರಿಸಿ, ಪಂಪ್ ಓಡಿಸುತ್ತಾ ಚೆನ್ನಾಗಿಯೇ ತಣ್ಣಗಾಗುತ್ತದೆ.

ಕೆಟ್ಟ ರಿಪೇರಿಯನ್ನು ಕಂಡುಹಿಡಿಯುವುದು ಹೇಗೆ?

ಮೊದಲು ಯಾವಾಗ ಬಿಸಿಯಾಗುತ್ತದೆ ಎಂದು ಗಮನಿಸಿ. ನಿಂತಾಗ, ಟ್ರಾಫಿಕ್‌ನಲ್ಲಿ ಮಾತ್ರ ಬಿಸಿಯಾಗಿ, ಓಡುವಾಗ ಇಳಿದರೆ ಸಂಶಯ ಫ್ಯಾನ್ ಮೇಲೆ. ಓಡುವಾಗ, ಏರುವಾಗ ಬಿಸಿಯಾದರೆ ಕಟ್ಟಿಕೊಂಡ ರೇಡಿಯೇಟರ್, ಥರ್ಮೋಸ್ಟಾಟ್ ಅಥವಾ ಪಂಪ್. ಎಲ್ಲ ಕಡೆಯೂ ಬಿಸಿಯಾಗಿ ನೀರೂ ಕಡಿಮೆಯಾಗುತ್ತಿದ್ದರೆ ಸೋರಿಕೆ ಅಥವಾ ಹೆಡ್ ಗ್ಯಾಸ್ಕೆಟ್.

ಬಳಿಕ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಹೀಗೆ ನೋಡಿ:

1. ಕ್ಯಾಪ್ ತೆಗೆದು ರಬ್ಬರ್ ಸೀಲ್, ಸ್ಪ್ರಿಂಗ್ ನೋಡಿ. ಅದರ ಮೇಲಿನ ಸಂಖ್ಯೆ ಕೈಪಿಡಿಗೆ ಹೊಂದಬೇಕು. ಕ್ಯಾಪ್‌ನಲ್ಲಿ ಎರಡು ವಾಲ್ವ್ ಇರುತ್ತವೆ. ಒಂದು ಬಿಸಿಯಾದಾಗ ಹೆಚ್ಚಾದ ನೀರನ್ನು ಪಕ್ಕದ ಬಾಟಲಿಗೆ ಬಿಡುತ್ತದೆ, ಇನ್ನೊಂದು ತಣ್ಣಗಾದಾಗ ವಾಪಸ್ ಎಳೆದುಕೊಳ್ಳುತ್ತದೆ. ಬಾಟಲಿ ತುಂಬಿ ರೇಡಿಯೇಟರ್ ಖಾಲಿಯಾಗಿದ್ದರೆ ಮೊದಲ ಸಂಶಯ ಕ್ಯಾಪ್ ಮೇಲೆ.

2. ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಪೈಪ್ ಮುಟ್ಟಿ ನೋಡುತ್ತಿರಿ. ಥರ್ಮೋಸ್ಟಾಟ್ ಸರಿಯಿದ್ದರೆ ಪೈಪ್ ಕೆಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಥಟ್ಟನೆ ಬಿಸಿಯಾಗುತ್ತದೆ. ಮೊದಲಿನಿಂದಲೂ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ಅದು ಇಲ್ಲ ಅಥವಾ ತೆರೆದೇ ಸಿಕ್ಕಿಕೊಂಡಿದೆ. ಫ್ಯಾನ್ ಯಾವಾಗ ಬೇಕಾದರೂ ಶುರುವಾಗಬಹುದು. ಬೆರಳು, ಸೆರಗು, ದುಪಟ್ಟಾ ದೂರವಿರಲಿ.

3. ಹೊಸ ಥರ್ಮೋಸ್ಟಾಟನ್ನೂ ಹಾಕುವ ಮುನ್ನ ಪರೀಕ್ಷಿಸಬಹುದು. ಬಳಸದ ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಬರೆದಿರುವ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಬೇಕು. ಜೋಡಿಸುವಾಗ ಮೇಣದ ಬುಡ್ಡಿ ಎಂಜಿನ್ ಕಡೆಗಿರಬೇಕು. ತಿರುಗಿಸಿ ಹಾಕಿದರೆ ಅದು ಸರಿಯಾಗಿ ತೆರೆಯದೆ ಕಾರು ಕುದಿಯುತ್ತದೆ.

4. ಗಾಳಿ ತೆಗೆಸಿದ್ದಾರೆಯೇ ಎಂದು ಕೇಳಿ. ನೀರು ತುಂಬುವಾಗ ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ ನೀರಿನ ದಾರಿಗೆ ಅಡ್ಡ ನಿಲ್ಲುತ್ತದೆ. ಕಾರಿನ ಮೂತಿ ಸ್ವಲ್ಪ ಎತ್ತರದಲ್ಲಿರುವಂತೆ ನಿಲ್ಲಿಸಿ, ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಶುರು ಮಾಡುತ್ತಾರೆ. ಹೋಸ್ ಪೈಪ್‌ಗಳನ್ನು ಮೆಲ್ಲಗೆ ಹಿಂಡುತ್ತಾ, ಗುಳ್ಳೆ ನಿಲ್ಲುವವರೆಗೆ ನೀರು ತುಂಬುತ್ತಾರೆ. ರಿಪೇರಿಯಾದ ಮಾರನೇ ದಿನ ಕುದಿಯುವ ಕಾರುಗಳಲ್ಲಿ ತಪ್ಪದೆ ನೋಡಬೇಕಾದದ್ದು ಇದನ್ನೇ.

5. ಗುಳ್ಳೆ ನಿಲ್ಲುವುದೇ ಇಲ್ಲ, ಆಯಿಲ್ ಕ್ಯಾಪ್ ಒಳಗೆ ಹಾಲಿನ ಕೆನೆಯಂಥ ಪದಾರ್ಥ ಕಾಣುತ್ತದೆ, ಸೈಲೆನ್ಸರ್‌ನಲ್ಲಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತದೆ ಎಂದಾದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಒಮ್ಮೆ ಕುದಿದ ಕಾರಿಗೆ ಹೀಗಾಗುವುದು ಸಾಮಾನ್ಯ. ಆಗ ಹೊಸ ಗ್ಯಾಸ್ಕೆಟ್ ಮಾತ್ರ ಸಾಲದು. ಶಾಖಕ್ಕೆ ಹೆಡ್ ಬಾಗಿದೆಯೇ ಎಂದು ಅಳೆಸಿ, ಬಾಗಿದ್ದರೆ ಮಟ್ಟ ಮಾಡಿಸಬೇಕು. ಆ ಹೆಜ್ಜೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತದೇ ಕಥೆ.

ರಿಪೇರಿ ಮುಗಿದ ಮೇಲೆ ನೇರ ಬೆಟ್ಟಕ್ಕೆ ಹೊರಡಬೇಡಿ. ಕೊಳ್ಳೇಗಾಲ–ಯಳಂದೂರು ನಡುವಿನ ರಸ್ತೆಯಂಥ ಸಮತಟ್ಟು ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಮಾರನೇ ಬೆಳಿಗ್ಗೆ ನೀರಿನ ಮಟ್ಟ ನೋಡಿ. ಇಳಿದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ. ಬದಲಿಸಿದ ಹಳೆಯ ಬಿಡಿಭಾಗಗಳನ್ನು ಕೇಳಿ ಪಡೆಯಿರಿ, ಬಿಲ್ ಪಡೆಯಿರಿ. ದುಡ್ಡು ಕೊಟ್ಟು ಮಾಡಿಸಿದ ರಿಪೇರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯೇ. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ ಇಲ್ಲದೆ ವಾದಿಸುವುದು ಕಷ್ಟ.

ಘಾಟ್‌ನಲ್ಲೇ ಮುಳ್ಳು ಏರಿದರೆ?

ಎಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ವೇಗಕ್ಕೆ ಇಟ್ಟು ಕಿಟಕಿ ಇಳಿಸಿ. ಸೆಕೆಯಲ್ಲಿ ಹೀಟರ್ ಹಾಕಿ ಎನ್ನುವ ಈ ಫಾರ್ವರ್ಡ್ ಮಾತ್ರ ನಿಜ. ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್, ಅದು ಎಂಜಿನ್ನಿನ ಶಾಖವನ್ನೇ ಒಳಗೆ ತರುತ್ತದೆ. ಅಗಲವಾದ, ಕಾಣುವ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯಿರಿ.

ಮುಳ್ಳು ಏರಿದೆ, ಹಬೆ ಇಲ್ಲ, ನೀರು ಇದೆ, ಫ್ಯಾನ್ ಓಡುತ್ತಿದೆ ಎಂದರೆ ಒಂದೆರಡು ನಿಮಿಷ ಎಂಜಿನ್ ಚಾಲೂ ಇಟ್ಟು ನೋಡಿ. ಹಬೆ ಕಂಡರೆ, ಮುಳ್ಳು ಕೆಂಪಿಗೆ ಹೋದರೆ, ನೀರು ಸುರಿದರೆ ತಕ್ಷಣ ಆಫ್ ಮಾಡಿ. ಏರಿದ್ದ ಮುಳ್ಳು ಹಠಾತ್ತನೆ ಕೆಳಗೆ ಬಿದ್ದರೆ ಸಮಾಧಾನಪಡಬೇಡಿ. ನೀರು ಪೂರ್ತಿ ಖಾಲಿಯಾದಾಗ ಸೆನ್ಸರ್‌ಗೆ ತಾಗಲು ನೀರೇ ಇಲ್ಲದೆ ಅದು ಸುಳ್ಳು ಹೇಳುತ್ತದೆ.

ಆಮೇಲೆ ಕಾಯುವುದೇ ಕೆಲಸ. ಕನಿಷ್ಠ 45 ನಿಮಿಷ. ಮೇಲಿನ ಹೋಸ್ ಪೈಪ್ ಮೆತ್ತಗಾಗಿ, ಕೈಗೆ ತಣ್ಣಗೆನಿಸಿದ ಮೇಲೆಯೇ ಕ್ಯಾಪ್. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಹನೂರು ದಾಟಿದ ಮೇಲಿನ ದಾರಿಯೂ, ಬಿಳಿಗಿರಿರಂಗನ ಬೆಟ್ಟದ ದಾರಿಯೂ ಆನೆ, ಹುಲಿ ಓಡಾಡುವ ಕಾಡಿನ ನಡುವಿನವು. ನೀರು ಹುಡುಕಿಕೊಂಡು ಕಾಡೊಳಗೆ ಇಳಿಯಬೇಡಿ. 5 ಲೀಟರ್ ಕ್ಯಾನ್ ನೀರು ಮನೆಯಿಂದಲೇ ಹೊರಡಲಿ.

ಯಾರಿಗಾದರೂ ಬಿಸಿನೀರು ತಗುಲಿದರೆ ಆ ಕ್ಯಾನ್ ನೀರಿಗೆ ಮೊದಲ ಹಕ್ಕು ಕಾರಿನದಲ್ಲ, ಅವರದು. ಬಳೆ, ಉಂಗುರ, ವಾಚ್ ತೆಗೆದು, ಸುಟ್ಟ ಜಾಗದ ಮೇಲೆ ತಣ್ಣೀರು ಹರಿಸಿ. 20 ನಿಮಿಷ ಹರಿಸುವುದು ಉತ್ತಮ, ನೀರು ಕಡಿಮೆಯಿದ್ದರೆ ಒದ್ದೆ ಬಟ್ಟೆ ಹೊದಿಸಿ ಮತ್ತೆ ಮತ್ತೆ ತೋಯಿಸಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಎಣ್ಣೆ, ಐಸ್ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಮುಖ, ಕಣ್ಣು, ಕೈಗೆ ತಗುಲಿದ್ದರೆ ಅಥವಾ ಅಂಗೈಗಿಂತ ದೊಡ್ಡ ಜಾಗ ಸುಟ್ಟಿದ್ದರೆ 108ಕ್ಕೆ ಕರೆ ಮಾಡಿ.

ಗ್ರೂಪಿಗೆ ಕಳಿಸುವುದಾದರೆ ಇಷ್ಟು ಕಳಿಸಿ

ಥರ್ಮೋಸ್ಟಾಟ್ ನಮ್ಮ ಹವೆಗೂ ಬೇಕು. ಡೈರೆಕ್ಟ್ ಫ್ಯಾನ್, ಅರಿಶಿನ, ಎಂ-ಸೀಲ್ ಮನೆ ತಲುಪಲು ಮಾತ್ರ, ಬೆಟ್ಟ ಹತ್ತಲು ಅಲ್ಲ. ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ. ಇಳಿಯುವಾಗ ಎಂಜಿನ್ ಆಫ್ ಮಾಡಬೇಡಿ. ನೀರಿನ ಮಟ್ಟವನ್ನು ಹೊರಡುವ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಿ. ಅದಕ್ಕೆ ಬೇಕಾಗುವುದು ಎರಡೇ ನಿಮಿಷ.